ಎರಡನೆಯ ಖಾನೆ

ಜನವರಿ ೧೯

ಅಣ್ಣಾ,

ತಲುಪಿದೆ ಎಂದು ಫೋನಿನಲ್ಲಿ ಹೇಳಿದ್ದೆ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧಕ್ಕೆ ಕೇಳಿಸಿದವನ ಹಾಗೆ ‘ಹೂಂ ಹೂಂ’ ಅನ್ನುತ್ತೀಯ. ಕಿವಿಗೆ ಮೆಷಿನ್ ಹಾಕಿಸಿಕೋ ಎಂದರೆ ಜಗಳಕ್ಕೆ ಬರುತ್ತೀಯ. ಇನ್ನು ಮೇಲೆ ಕಾಗದವೇ ಸರಿ.

ರೂಮು ಮೂರನೇ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಪಕ್ಕದ ಕಟ್ಟಡದ ಗೋಡೆ ನೋಡಿಕೊಂಡಿರುವ ಒಂದು ಕಿಟಕಿ. ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಕೆಮ್ಮು ಬರುತ್ತದೆ. ಕೆಲಸ ನಮ್ಮೂರ ಆಸ್ಪತ್ರೆಯಲ್ಲಿ ಮಾಡುತ್ತಿದ್ದದ್ದೇ. ಕೈ ಕಳೆದುಕೊಂಡವರಿಗೆ ಕೃತಕ ಕೈ ಮಾಡುವ ಕಾರ್ಖಾನೆ. ಒಳಗಿನ ಮೂಳೆ, ಕೀಲು ಬೇರೆಯವರದು. ಮೇಲೆ ತೊಡಿಸುವ ಸಿಲಿಕೋನ್ ಚರ್ಮ ನನ್ನದು. ಇಲ್ಲಿನ ದೊಡ್ಡ ಮೇಸ್ತ್ರಿ ಮೊದಲ ದಿನ ನನ್ನ ಮುಂದೆ ಐದು ಬಣ್ಣದ ಡಬ್ಬಿ ಇಟ್ಟು, ಇದರಲ್ಲೇ ಎಲ್ಲರ ಚರ್ಮವೂ ಆಗಬೇಕು ಅಂದರು. ಬೆರಳ ಗಂಟಿಗೆ ಒಂದು, ಅಂಗೈಗೆ ಒಂದು, ಉಗುರಿನ ಬುಡಕ್ಕೆ ಒಂದು. ಒಬ್ಬರ ಒಂದು ಕೈಗೇ ಹದಿನಾಲ್ಕು ಬಣ್ಣ ಕಲಸಿದ್ದೇನೆ.

ಈಗ ನಿಜವಾದ ಸುದ್ದಿ. ಮೊನ್ನೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಒಬ್ಬರೂ ನನ್ನ ಮುಖವನ್ನು ಎರಡನೇ ಸಲ ನೋಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ‘ಎಲ್ಲಿಯವರಮ್ಮಾ ನೀವು? ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀರಿ’ ಎಂದು ಯಾರೂ ಕೇಳಲಿಲ್ಲ. ಎಲ್ಲ ಕಡೆ ನನ್ನದೇ ಕಣ್ಣು, ನನ್ನದೇ ಕೆನ್ನೆಮೂಳೆ. ಇಳಿಯುವ ನಿಲ್ದಾಣ ಬಂದರೂ ಇಳಿಯಲು ಮನಸ್ಸಾಗಲಿಲ್ಲ.

ನೋಂದಣಿ ಕಚೇರಿಯಲ್ಲಿ ಮಾತ್ರ ಒಂದು ತಮಾಷೆ ಆಯಿತು. ಅರ್ಜಿಯಲ್ಲಿ ಎರಡು ಖಾನೆ ಇದ್ದವು. ನಮ್ಮ ನಿಘಂಟಿನಲ್ಲಿ ನೋಡಿದರೆ ಎರಡಕ್ಕೂ ‘ಜನಾಂಗ’ ಅಂತಲೇ ಇದೆ. ಗುಮಾಸ್ತೆ ಮೊದಲನೆಯದಕ್ಕೆ ನನ್ನನ್ನು ಕೇಳಲೇ ಇಲ್ಲ. ಮುಖ ನೋಡಿದಳು, ಗುರುತು ಹಾಕಿದಳು. ಎರಡನೆಯದಕ್ಕೆ ಪೆನ್ನು ನಿಲ್ಲಿಸಿ, “ಇದನ್ನ ನೀವೇ ಹೇಳಬೇಕು. ಮನೇಲಿ ಯಾವ ಮಾತು? ಯಾವ ಜನರ ಮಧ್ಯೆ ಬೆಳೆದದ್ದು?” ಅಂದಳು. ಹೇಳಿದೆ. ಅವಳು ನಕ್ಕು, “ಮೇಲಿನದಕ್ಕೂ ಇದಕ್ಕೂ ತಾಳೆ ಆಗ್ತಿಲ್ಲವಲ್ಲ” ಅಂದಳು. ಕೊನೆಗೆ ಅದನ್ನು ಖಾಲಿ ಬಿಟ್ಟಳು.

ಅಪ್ಪ ನನ್ನನ್ನು ಶಾಲೆಗೆ ಸೇರಿಸುವಾಗ ಏನು ಬರೆಸಿದ್ದರು, ನೆನಪಿದೆಯಾ? ನನ್ನನ್ನು ಹೆತ್ತವಳು ಈ ದೇಶದವಳು ಅಂತ ಅಮ್ಮ ಹೇಳಿದ್ದಷ್ಟೇ ನನಗೆ ಗೊತ್ತು. ಅಮ್ಮನ ಟ್ರಂಕಿನಲ್ಲಿ ನನಗೆ ಸಂಬಂಧಿಸಿದ ಕಾಗದ ಏನಾದರೂ ಇದೆಯಾ ನೋಡು.

ಪಕ್ಕದ ಮೇಜಿನ ಹೆಂಗಸರು ದಿನಾ ಊಟಕ್ಕೆ ಜೊತೆಗೆ ಕರೆಯುತ್ತಾರೆ. ಒಂಟಿ ಅನ್ನಿಸುವುದಿಲ್ಲ. ಚಿಂತೆ ಮಾಡಬೇಡ.

ನಿನ್ನ
ಗುಬ್ಬಿ

*

ಫೆಬ್ರವರಿ ೮

ಗುಬ್ಬಿಗೆ,

ನಿನ್ನ ಕಾಗದ ಬಂತು. ಅಂಗಡಿಯಲ್ಲೇ ಒಡೆದು ಓದಿದೆ. ತಕ್ಕಡಿ ರಿಪೇರಿಗೆ ಬಂದಿದ್ದ ಕಿರಾಣಿಯವರು ಕಾದು ಕಾದು ಹೊರಟೇ ಹೋದರು.

ನಾನು ಚೆನ್ನಾಗಿದ್ದೇನೆ. ಕಿವಿ ಇದ್ದ ಹಾಗೇ ಇದೆ. ಕೇಳಿಸದಿರುವುದರಿಂದ ಲಾಭವೂ ಇದೆ. ಗಿರಾಕಿಗಳು ಬೈದದ್ದೂ ಕೇಳಿಸುವುದಿಲ್ಲ, ಹೊಗಳಿದ್ದೂ ಕೇಳಿಸುವುದಿಲ್ಲ. ಹೀಗಾಗಿ ತಲೆ ನೆಟ್ಟಗಿದೆ. ಹಿಂದಿನ ವಾರ ದೊಡ್ಡ ತಕ್ಕಡಿಯೊಂದು ಬಂತು, ಮೂಟೆ ತೂಗುವಂಥದು. ಅದರ ದಂಡಿಗೆ ಕೂರುವ ಮೊನೆ ಸವೆದು ಒಂದು ಕಡೆಗೆ ವಾಲುತ್ತಿತ್ತು. ಮೂರು ದಿನ ಹಿಡಿಯಿತು.

ಅಪ್ಪ ಶಾಲೆಯಲ್ಲಿ ‘ಮಗಳು’ ಎಂದು ಬರೆಸಿದ್ದರು. ಬೇರೆ ಏನನ್ನೂ ಬರೆಸಿದ ನೆನಪಿಲ್ಲ. ಆ ಗುಮಾಸ್ತೆಗೆ ತಾಳೆ ಆಗದಿದ್ದರೆ ಅದು ಅವಳ ಕಷ್ಟ. ಅದಕ್ಕೆ ನೀನೇಕೆ ತಲೆ ಕೆಡಿಸಿಕೊಳ್ಳುತ್ತೀಯ?

ಟ್ರಂಕು ನೋಡಿದೆ. ಅಮ್ಮನ ಹಳೆ ಬಟ್ಟೆ, ಅಪ್ಪನ ಕನ್ನಡಕ, ನಿನ್ನ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಗಣಿತದಲ್ಲಿ ಎಷ್ಟು ಬಂದಿತ್ತೆಂದು ಹೇಳದಿರುವುದೇ ವಾಸಿ. ಬೇರೇನೂ ಇಲ್ಲ.

ಜೊತೆಗಾರರು ಸಿಕ್ಕಿದ್ದು ಸಂತೋಷ. ಹೊಟ್ಟೆ ತುಂಬ ಊಟ ಮಾಡು.

ಇಂತಿ,
ಅಣ್ಣ

*

ಮಾರ್ಚ್ ೨

ಅಣ್ಣಾ,

ಇವತ್ತು ನಾನೊಂದು ಕೆಟ್ಟ ಕೆಲಸ ಮಾಡಿದೆ. ನಿನಗಲ್ಲದೆ ಇನ್ನಾರಿಗೂ ಹೇಳುವಂತಿಲ್ಲ.

ಹೊಸದಾಗಿ ಒಬ್ಬ ಹೆಂಗಸು ಬಂದರು. ಐವತ್ತೆಂಟು ವರ್ಷ, ಹೊಲಿಗೆ ಕೆಲಸದವರು. ಬಟ್ಟೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈ ಮಣಿಕಟ್ಟಿನವರೆಗೆ ಹೋಗಿದೆ. ಬಾಗಿಲಲ್ಲಿ ಅವರನ್ನು ನೋಡಿದಾಗ ನನಗೆ ಎದ್ದು ನಿಲ್ಲುವ ಹಾಗಾಯಿತು. ಅಮ್ಮನ ಬಣ್ಣ. ಅಮ್ಮನ ಮೂಗು. ನಮ್ಮ ಬೀದಿಯಲ್ಲಿ ದಿನಕ್ಕೆ ನೂರು ಜನ ಕಾಣುವಂಥ ಮುಖ. ಇಲ್ಲಿ ಎರಡು ತಿಂಗಳಲ್ಲಿ ಅಂಥ ಒಂದು ಮುಖ ನಾನು ಕಂಡಿರಲಿಲ್ಲ.

ಉಳಿದ ಎಡಗೈಯನ್ನು ಮೇಜಿನ ಮೇಲೆ ಇಡಿ ಎಂದೆ. ಬಣ್ಣದ ಮಾದರಿ ಪಟ್ಟಿಯನ್ನು ತೆಗೆಯಲೇ ಇಲ್ಲ. ಕಂದು, ಹಳದಿ, ಚೂರೇ ಚೂರು ಕೆಂಪು, ಉಗುರಿನ ತುದಿಯಷ್ಟು ನೀಲಿ. ನೆನಪಿನಿಂದಲೇ ಕಲಸಿದೆ. ಕಲಸಿದ್ದನ್ನು ಅವರ ಮಣಿಕಟ್ಟಿನ ಮೇಲೆ ಒಂದು ಬೊಟ್ಟು ಇಟ್ಟೆ. ಬೊಟ್ಟು ಕಾಣಲೇ ಇಲ್ಲ. ಮೇಸ್ತ್ರಿ ಬಗ್ಗಿ ನೋಡಿ, “ಮೊದಲ ಸಲಕ್ಕೇ ಕೂತುಬಿಡ್ತಲ್ಲ” ಅಂದರು.

ಆ ಸಂತೋಷದಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮ ಮಾತಿನಲ್ಲೇ, “ಅಮ್ಮಾ, ನೀವು ಯಾವ ಕಡೆಯವರು? ನಮ್ಮ ಕಡೆಯವರಾ?” ಅಂದೆ. ಅವರು ನನ್ನ ಬಾಯಿ ನೋಡಿದರು. ಇಲ್ಲಿನ ಮಾತಿಗೆ ತಿರುಗಿದೆ.

“ಎಲ್ಲಿಂದ ಬಂದಿರಿ?”

“ಬಸ್ಸಿನಲ್ಲಿ ಬಂದೆ.”

“ಅದಲ್ಲ, ಅದಕ್ಕೂ ಮೊದಲು.”

“ಅದಕ್ಕೂ ಮೊದಲು ಮನೇಲಿದ್ದೆ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಕ್ಕು, “ನಿಜವಾಗಿ ಎಲ್ಲಿಯವರು ಅಂತ ಕೇಳಿದ್ದು. ನಿಮ್ಮ ಹಿರಿಯರು?” ಅಂದೆ.

ಅವರು ತೋಳು ಕೆಳಗೆ ಎಳೆದುಕೊಂಡು ಎದ್ದರು. “ನನ್ನ ಮುತ್ತಜ್ಜ ಇಲ್ಲೇ ಸತ್ತ. ನನ್ನ ಅಜ್ಜಿ ಇಲ್ಲೇ ಸತ್ತಳು. ನಾನು ಹುಟ್ಟಿದ್ದು ಈ ಊರಿನ ನದಿ ಪಕ್ಕದ ಕೇರೀಲಿ. ಈ ಪ್ರಶ್ನೆ ನಿಲ್ಲೋಕೆ ಇನ್ನೆಷ್ಟು ಜನ ಇಲ್ಲಿ ಸಾಯಬೇಕು, ಹೇಳು.” ಜೋರಾಗಿ ಅನ್ನಲಿಲ್ಲ. ತಮ್ಮ ಚೀಲವನ್ನು ಒಂದೇ ಕೈಯಲ್ಲಿ ಭುಜಕ್ಕೆ ಏರಿಸಿಕೊಂಡು ಹೊರಟುಹೋದರು. ಚೀಲ ಎರಡು ಸಲ ಜಾರಿತು. ಸಹಾಯಕ್ಕೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಬಟ್ಟಲಿನಲ್ಲಿ ಅವರ ಬಣ್ಣ ಹಾಗೇ ಉಳಿದಿದೆ. ಒಣಗದ ಹಾಗೆ ಮುಚ್ಚಿಟ್ಟಿದ್ದೇನೆ.

ಗುಬ್ಬಿ

*

ಮಾರ್ಚ್ ೨೦

ಗುಬ್ಬಿಗೆ,

ಅಂತೂ ಅಷ್ಟು ದೂರದಲ್ಲಿ ನಮ್ಮವರೊಬ್ಬರು ಸಿಕ್ಕರಲ್ಲ. ನನಗೆ ಸಮಾಧಾನವಾಯಿತು. ಅವರು ಹಾಗಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೈ ಕಳೆದುಕೊಂಡ ನೋವಿನಲ್ಲಿ ಯಾರಿಗಾದರೂ ಸಿಟ್ಟು ಬರುತ್ತದೆ. ನಮ್ಮ ಮಾತು ಮರೆತಿರಬೇಕು, ಅಷ್ಟೇ. ಇನ್ನೊಂದು ಸಲ ಬಂದಾಗ ನಿಧಾನವಾಗಿ ಮಾತಾಡಿಸು. ಒಂದೊಂದೇ ಪದ ಹೇಳಿಕೊಡು, ನೆನಪಾಗುತ್ತದೆ. ಎಷ್ಟೇ ಆದರೂ ರಕ್ತ ಅಲ್ಲವಾ.

ಇಲ್ಲಿ ಎಲ್ಲ ಎಂದಿನಂತೆ. ಮನೆಯಲ್ಲಿ ನಾನೊಬ್ಬನೇ ಇರುವುದರಿಂದ ಪಾತ್ರೆ ತೊಳೆಯುವುದು ಕಡಿಮೆ. ಒಂದು ತಟ್ಟೆ, ಒಂದು ಲೋಟ.

ಇಂತಿ,
ಅಣ್ಣ

*

ಏಪ್ರಿಲ್ ೧

ಅಣ್ಣಾ,

ಎಷ್ಟೇ ಆದರೂ ರಕ್ತ ಅಂದೆಯಲ್ಲ. ಹಾಗಾದರೆ ನಾನು ಯಾರು?

ಆ ಹೆಂಗಸು ನಮ್ಮವರಲ್ಲ. ಅವರು ಏನನ್ನೂ ಮರೆತಿಲ್ಲ. ಅವರಿಗೆ ನಮ್ಮ ಮಾತು ಯಾವತ್ತೂ ಇರಲಿಲ್ಲ. ಅಮ್ಮನ ಬಣ್ಣ ಇದೆ ಎಂದ ಮಾತ್ರಕ್ಕೆ ಅವರು ಅಮ್ಮನ ಜನ ಆಗುತ್ತಾರಾ? ಅಮ್ಮ ಸಿಟ್ಟು ಬಂದಾಗ ಹೇಗೆ ಬೈಯುತ್ತಿದ್ದಳು ಅಂತ ಅವರಿಗೆ ಗೊತ್ತಾ? ಮಗು ಮಲಗಿಸುವಾಗ ಏನು ಹಾಡುತ್ತಿದ್ದಳು ಅಂತ? ಅದೆಲ್ಲ ನನಗೆ ಗೊತ್ತು. ನಮ್ಮವಳು ನಾನು. ಅದು ನಿನಗೇ ತೋಚದಿದ್ದರೆ ಬೇರೆಯವರಿಗೆ ಹೇಗೆ ತೋಚಬೇಕು?

ಇನ್ನೊಂದು. ಪಕ್ಕದ ಮೇಜಿನವರು ಊಟಕ್ಕೆ ಕರೆಯುತ್ತಾರೆ ಎಂದು ಬರೆದಿದ್ದು ಸುಳ್ಳು. ಮೊದಲ ವಾರ ಕರೆದರು. ನನ್ನ ಮುಖ ನೋಡಿ ಮಾತು ಅರಳು ಹುರಿದ ಹಾಗೆ ಆಡಿದರು. ನಾನು ಆರು ತಿಂಗಳ ಕ್ಲಾಸಿನಲ್ಲಿ ಕಲಿತ ಮಾತನ್ನು ಒಂದೊಂದೇ ಹೆಕ್ಕಿ ಜೋಡಿಸುವಷ್ಟರಲ್ಲಿ ಅವರ ಊಟವೇ ಮುಗಿದಿರುತ್ತಿತ್ತು. ಹೊರಗಿನವಳ ಮುಖ ಇದ್ದಿದ್ದರೆ ಪಾಪ ಎಂದು ಕಾಯುತ್ತಿದ್ದರೇನೋ. ಅವರದೇ ಮುಖ ಇಟ್ಟುಕೊಂಡು ತಡವರಿಸಿದರೆ ಬಿಂಕ ಅಂದುಕೊಳ್ಳುತ್ತಾರೆ. ಈಗ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತೇನೆ. ಬಸ್ಸಿನಲ್ಲಿ ಯಾರೂ ನೋಡುವುದಿಲ್ಲ ಅಂತ ಕುಣಿದಿದ್ದೆನಲ್ಲ. ಮೂರು ತಿಂಗಳಾದರೂ ಯಾರೂ ನೋಡುತ್ತಿಲ್ಲ.

ಗುಬ್ಬಿ

*

ಜೂನ್ ೧೪

ಗುಬ್ಬಿ,

ಎರಡೂವರೆ ತಿಂಗಳು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ನಾಲ್ಕು ಸಲ ಹಾಗೇ ಬರೆದೆ, ಹರಿದು ಹಾಕಿದೆ.

ಈ ಲಕೋಟೆಯಲ್ಲಿ ಇನ್ನೂ ನಾಲ್ಕು ಲಕೋಟೆ ಇವೆ. ಅವು ಟ್ರಂಕಿನಲ್ಲೇ ಇದ್ದವು. ಫೆಬ್ರವರಿಯಲ್ಲಿ ನಾನು ಬರೆದದ್ದು ಸುಳ್ಳು.

ಅಮ್ಮ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಗಾಜಿನ ಕಾರ್ಖಾನೆಯ ಕೆಲಸಕ್ಕೆಂದು ಆ ದೇಶದಿಂದ ಬಂದಿದ್ದ ಹೆಂಗಸರಲ್ಲಿ ನಿನ್ನ ತಾಯಿಯೂ ಒಬ್ಬಳು. ಜೊತೆಗೆ ಗಂಡಸರು ಯಾರೂ ಇರಲಿಲ್ಲವಂತೆ. ಆ ವಾರ್ಡಿನಲ್ಲಿ ನೀನು ಹುಟ್ಟಿ ಹನ್ನೊಂದು ದಿನಕ್ಕೆ ಅವರೆಲ್ಲರ ಪರವಾನಗಿ ಮುಗಿಯಿತು. ನಿನಗೆ ಜೋರು ಜ್ವರ. ಈ ಸ್ಥಿತಿಯಲ್ಲಿ ಪ್ರಯಾಣ ಕೂಡದು ಅಂದರು ಡಾಕ್ಟರು. ಅಮ್ಮ, “ಇಲ್ಲಿ ಬಿಟ್ಟು ಹೋಗು, ನಾನು ನೋಡ್ಕೋತೀನಿ, ಬಂದು ಕರ್ಕೊಂಡು ಹೋಗು” ಎಂದು ಕೈಸನ್ನೆಯಲ್ಲಿ ಹೇಳಿದಳಂತೆ. ಅವಳು ಹೋದಳು. ಮೂರು ವರ್ಷದಲ್ಲಿ ಈ ನಾಲ್ಕು ಕಾಗದ ಬಂದವು. ನಮಗೆ ಆ ಅಕ್ಷರ ಬರುವುದಿಲ್ಲ. ಓದಿಸಲು ಜನ ಹುಡುಕಿದ್ದರೆ ಸಿಗುತ್ತಿದ್ದರು. ಅಮ್ಮ ಹುಡುಕಲಿಲ್ಲ. ಸಾಯುವುದಕ್ಕೆ ವಾರದ ಮೊದಲು ಇವನ್ನು ನನ್ನ ಕೈಗೆ ಕೊಟ್ಟು, “ಓದಿಸಿದ್ರೆ ಉತ್ತರ ಬರೀಬೇಕಾಗ್ತಿತ್ತು ಕಣೋ. ಅವಳಾಗಿ ಕೇಳಿದ್ರೆ ಕೊಟ್ಟುಬಿಡು” ಅಂದಳು.

ನೀನು ಜನವರಿಯಲ್ಲಿ ಕೇಳಿದೆ. ನಾನು ಕೊಡಲಿಲ್ಲ. ನಿನಗೆ ಅಲ್ಲಿ ಯಾರಾದರೂ ಸಿಕ್ಕಿಬಿಟ್ಟರೆ ನನಗೆ ಯಾರೂ ಇರುವುದಿಲ್ಲ. ಕಾರಣ ಇಷ್ಟೇ.

ಇನ್ನೊಂದು ಮಾತು ಇದೆ. ನಿನಗೆ ಆರು ವರ್ಷ, ನನಗೆ ಹನ್ನೆರಡು. ಶಾಲೆಯ ಗೇಟಿನ ಹತ್ತಿರ ನನ್ನ ಕ್ಲಾಸಿನ ಹುಡುಗರು, “ಅದು ನಿನ್ನ ತಂಗಿಯೇನೋ? ನಿಮ್ಮ ಥರಾ ಇಲ್ವಲ್ಲ” ಎಂದು ಕೇಳಿದರು. ನಾನು, “ತಂಗಿ ಅಲ್ಲ. ಯಾರೋ ನಮ್ಮನೇಲಿ ಬಿಟ್ಟು ಹೋಗಿರೋ ಮಗು” ಅಂದೆ. ಎರಡೂ ಮಾತು ನಿಜವೇ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಲ್ಲ. ಒಂದು ನಿಜ, ಒಂದು ಸುಳ್ಳು. ‘ರಕ್ತ’ ಎಂದು ಬರೆದದ್ದಕ್ಕೆ ನೀನು ಕೇಳಿದ ಪ್ರಶ್ನೆ ಓದಿದಾಗ ಆ ಗೇಟು ಕಣ್ಣ ಮುಂದೆ ಬಂತು. ಮೂವತ್ತೇಳನೇ ವಯಸ್ಸಿನಲ್ಲೂ ಅದೇ ಮಾತನ್ನು ಇನ್ನೊಂದು ಥರ ಆಡಿದೆನಲ್ಲ.

ಕಾಗದಗಳನ್ನು ಓದಿಸಿಕೋ. ಅದರಲ್ಲಿ ಏನಿದೆಯೆಂದು ನನಗೆ ಬರೆಯಲೇಬೇಕು ಅಂತೇನಿಲ್ಲ.

ಅಣ್ಣ

*

ಜುಲೈ ೯

ಅಣ್ಣಾ,

ಗೇಟಿನ ವಿಷಯ ನನಗೆ ಗೊತ್ತಿತ್ತು. ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. ಅವತ್ತು ದಾರಿಯುದ್ದಕ್ಕೂ ನೀನು ನನ್ನ ಚೀಲ ಹೊತ್ತುಕೊಂಡು ಬಂದೆ. ಇವನಿಗೆ ಹೇಳಿಕೊಳ್ಳಲಾಗದ ನೋವಾಗಿದೆ ಅಂತ ಆಗಲೇ ಅನ್ನಿಸಿತ್ತು. ಅದನ್ನು ಇಪ್ಪತ್ತೈದು ವರ್ಷ ಹೊರುತ್ತೀಯ ಎಂದು ಗೊತ್ತಿದ್ದರೆ ಅವತ್ತೇ ಜಗಳ ಮಾಡಿ ಮುಗಿಸುತ್ತಿದ್ದೆ.

ಕಾಗದಗಳನ್ನು ಮೇಸ್ತ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನಾಲ್ಕು ಸಾಲು ಬಾಯಲ್ಲೇ ಅಂದುಕೊಂಡು ನಿಲ್ಲಿಸಿಬಿಟ್ಟರು. “ಅಕ್ಷರ ನಮ್ಮದು, ಮಾತು ನಮ್ಮದಲ್ಲ. ಇದು ನದಿಯಾಚೆ ಜನರದು.” ಆಮೇಲೆ ನನ್ನನ್ನು ನೋಡಿ, “ನೀನು ಅವರ ಪೈಕಿಯವಳಾ?” ಅಂದರು. ನದಿಯ ಈಚೆ ಆಚೆ ನನಗೆ ಎಲ್ಲ ಮುಖವೂ ಒಂದೇ ಕಾಣುತ್ತದೆ. ಇವರಿಗೆ ಹಾಗಲ್ಲವಂತೆ, ನೋಡಿದ ಕೂಡಲೇ ಗೊತ್ತಾಗುತ್ತದಂತೆ. ಆರು ತಿಂಗಳಿಂದ ನನ್ನನ್ನು ನೋಡುತ್ತಿದ್ದವರಿಗೆ ಕಾಗದ ಬರುವ ತನಕ ಏಕೆ ಗೊತ್ತಾಗಲಿಲ್ಲ ಎಂದು ಕೇಳಬೇಕೆನಿಸಿತು. ಅವತ್ತಿನಿಂದ ನಾನು ಮಾಡಿಟ್ಟ ಕೈಗಳನ್ನು ಅವರು ಎರಡೆರಡು ಸಲ ಪರೀಕ್ಷೆ ಮಾಡುತ್ತಾರೆ.

ಅವತ್ತು ನಾನು ಹೊರಡುವಾಗ ಮೇಸ್ತ್ರಿ ಇಷ್ಟು ಹೇಳಿದರು: “ಆ ಹೊಲಿಗೆಯವಳನ್ನ ಕೇಳು. ಅವಳು ಬೆಳೆದದ್ದು ನದಿ ಪಕ್ಕದ ಕೇರೀಲಿ, ಆ ಜನರ ಮಧ್ಯೇನೇ. ಮನೇಲಿ ಅದೇ ಮಾತು.”

ಅಣ್ಣಾ, ನನಗೆ ನಗು ಬಂತು.

ಅವರು ಕೈ ಹಾಕಿಸಿಕೊಳ್ಳಲು ಹೋದ ವಾರ ಬಂದರು. ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ. ಮೊದಲು ಕ್ಷಮಿಸಿ ಅಂದೆ. ನನ್ನ ಮುಖಕ್ಕೆ ನಮ್ಮ ಊರಲ್ಲಿ ಇದೇ ಪ್ರಶ್ನೆ ಬೀಳುತ್ತಿತ್ತು, ಅದನ್ನೇ ನಿಮ್ಮ ಮೇಲೆ ಹಾಕಿಬಿಟ್ಟೆ ಅಂದೆ.

“ಎಷ್ಟು ವರ್ಷ ಕೇಳಿಸಿಕೊಂಡೆ?”

“ಮೂವತ್ತೊಂದು.”

“ನಾನು ಐವತ್ತೆಂಟು. ದೊಡ್ಡವಳು ನಾನೇ, ಕೂತ್ಕೋ.” ಆಮೇಲೆ ಹೊಸ ಕೈಯನ್ನು ತಿರುಗಿಸಿ ನೋಡಿ, ತೋರುಬೆರಳಿನ ಉಗುರು ಇಷ್ಟು ನೆಟ್ಟಗೆ ಬೇಡ, ಚಿಕ್ಕಂದಿನಲ್ಲಿ ಸೂಜಿ ಹೊಕ್ಕು ತನ್ನದು ಸೊಟ್ಟಗಿತ್ತು ಅಂದರು. ಸೊಟ್ಟ ಮಾಡುತ್ತಾ ಕಾಗದಗಳ ವಿಷಯ ಹೇಳಿದೆ. ಅವರು ಅಲ್ಲೇ ಓದಿದರು, ಗಟ್ಟಿಯಾಗಿ, ಆ ಮಾತಿನಲ್ಲಿ. ಆಮೇಲೆ ಇಲ್ಲಿನ ಮಾತಿನಲ್ಲಿ. ನನ್ನನ್ನು ಹೆತ್ತವಳ ಮಾತು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಅಮ್ಮನ ಥರದ ಮುಖದಿಂದ.

ಮೊದಲನೆಯದರಲ್ಲಿ ಜ್ವರ ಇಳಿಯಿತಾ ಎಂದು ಕೇಳಿದ್ದಾಳೆ. ಮೂರು ಸಲ ಕೇಳಿದ್ದಾಳೆ, ಒಂದೇ ಪುಟದಲ್ಲಿ. ಎರಡನೆಯದರಲ್ಲಿ, ಮುಂದಿನ ಬೇಸಿಗೆಗೆ ಬರುತ್ತೇನೆ, ಪರವಾನಗಿಗೆ ಅರ್ಜಿ ಹಾಕಿದ್ದೇನೆ, ಬಿಟ್ಟುಕೊಡಲು ನಿಮಗೆ ಸಂಕಟ ಆಗುತ್ತದೆ ಎಂದು ಗೊತ್ತು, ಎರಡು ದಿನ ನಿಮ್ಮ ಮನೆಯಲ್ಲೇ ಇದ್ದು ಮಗುವಿಗೆ ನನ್ನ ರೂಢಿಯಾದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದಿದೆ. ಮೂರನೆಯದರಲ್ಲಿ, ಪರವಾನಗಿ ಸಿಗಲಿಲ್ಲ, ನಮ್ಮ ಜನಕ್ಕೆ ಎರಡನೇ ಸಲ ಕೊಡುವುದಿಲ್ಲವಂತೆ, ಒಂದೇ ಒಂದು ಫೋಟೋ ಕಳಿಸಿ ಎಂದಿದೆ. ನಾಲ್ಕನೆಯದು ಅವಳ ತಂಗಿ ಬರೆದದ್ದು. ಅಕ್ಕನ ಎದೆಯಲ್ಲಿ ಗಾಜಿನ ಪುಡಿ ಕೂತಿತ್ತು, ಚಳಿಗಾಲ ದಾಟಲಿಲ್ಲ, ಫೋಟೋ ಬಂದರೆ ಈಗಲೂ ಬೇಕು ಎಂದು.

ಅಮ್ಮನ ಮೇಲೆ ಸಿಟ್ಟು ಬಂದಿದೆ. ಇದ್ದಿದ್ದರೆ ನಾಲ್ಕು ದಿನ ಮಾತು ಬಿಡುತ್ತಿದ್ದೆ, ಐದನೇ ದಿನ ಅವಳೇ ತಲೆ ಬಾಚಲು ಕರೆಯುತ್ತಿದ್ದಳು. ಈಗ ಈ ಸಿಟ್ಟನ್ನು ಎಲ್ಲಿ ಇಳಿಸಲಿ ಎಂದು ತಿಳಿಯುತ್ತಿಲ್ಲ.

ಲಕೋಟೆಯ ಮೇಲೆ ತಂಗಿಯ ವಿಳಾಸ ಇದೆ. ಹೋಗಬೇಕೋ ಬೇಡವೋ ನೀನು ಹೇಳು.

ಗುಬ್ಬಿ

*

ಜುಲೈ ೨೪

ಗುಬ್ಬಿ,

ಹೋಗು.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಅಪ್ಪನ ಅಂಗಡಿಯಲ್ಲಿ ತೆಗೆದದ್ದು. ನಿನಗೆ ಮೂರು ವರ್ಷ. ನೀನು ಕುಣಿಯುತ್ತಿದ್ದರಿಂದ ಬೀಳದ ಹಾಗೆ ನಾನು ಹಿಡಿದುಕೊಂಡಿದ್ದೇನೆ, ಅದಕ್ಕೆ ನನ್ನ ಅರ್ಧ ಮುಖವೂ ಬಂದುಬಿಟ್ಟಿದೆ. ನಿನ್ನೊಬ್ಬಳದೇ ಇರುವ ಫೋಟೋ ಹುಡುಕಿದೆ, ಸಿಗಲಿಲ್ಲ. ಅವರಿಗೆ ಕೊಡು. ಇಪ್ಪತ್ತೆಂಟು ವರ್ಷ ತಡವಾಯಿತು ಎಂದು ನನ್ನ ಪರವಾಗಿ ಹೇಳು. ಅಮ್ಮನ ಪರವಾಗಿ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅಣ್ಣ

*

ಸೆಪ್ಟೆಂಬರ್ ೩

ಅಣ್ಣಾ,

ಹೋಗಿ ಬಂದೆ. ಎರಡು ದಿನ ಇದ್ದೆ.

ಹೊಲಿಗೆಯ ಅಮ್ಮ ಜೊತೆಗೆ ಬಂದರು. ಕರೆದಿರಲಿಲ್ಲ, “ಒಬ್ಬಳೇ ಹೋಗಿ ಕಲ್ಲಿನ ಥರಾ ಕೂತ್ಕೊಂಡು ಬರ್ತೀಯ” ಎಂದು ಅವರೇ ಹೊರಟರು. ರೈಲಿನಲ್ಲಿ ಒಂದೂವರೆ ಗಂಟೆ, ಆಮೇಲೆ ಅದೇ ನದಿಯ ಸೇತುವೆ ದಾಟಿ ನಡಿಗೆ. ಇಳಿಜಾರಿನ ಬೀದಿ, ಅಂಟಿಕೊಂಡ ಮನೆಗಳು, ಪ್ರತಿ ಬಾಗಿಲ ಮುಂದೆ ಒಣಹಾಕಿದ ಬಟ್ಟೆ. ನಾವು ಹೋಗುತ್ತಿದ್ದರೆ ಜನ ನನಗೆ ಏನೋ ಹೇಳುತ್ತಿದ್ದರು, ಉತ್ತರ ಹೊಲಿಗೆಯ ಅಮ್ಮನಿಂದ ಬರುತ್ತಿತ್ತು. ಮೊದಲು ತಬ್ಬಿಬ್ಬಾದರು, ಆಮೇಲೆ ನಕ್ಕರು. ಒಬ್ಬ ಮುದುಕ ನಮ್ಮಿಬ್ಬರನ್ನೂ ನೋಡಿ ಏನೋ ಅಂದ. “ಏನಂದರು?” ಎಂದು ಕೇಳಿದೆ. “ಒಬ್ಬಳ ತಲೆ ಇನ್ನೊಬ್ಬಳಿಗೆ ಇಟ್ಟಿದಾರೆ ಅಂದ” ಎಂದರು. ಅವರು ನಗಲಿಲ್ಲ. ನಾನೂ ನಗಲಿಲ್ಲ.

ಚಿಕ್ಕಮ್ಮ ಬಾಗಿಲು ತೆಗೆದರು. ಅರವತ್ತರ ಹತ್ತಿರ ಇರಬೇಕು, ನನಗಿಂತ ಗಿಡ್ಡ. ನಾನು ಯಾರು ಎಂದು ಹೇಳಲು ಹೊಲಿಗೆಯ ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿದರು. ಆಮೇಲೆ ಮಾತಾಡಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ನಾನು ಹೊಲಿಗೆಯ ಅಮ್ಮನ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಅವರಿಗೆ ಗೊತ್ತಾಯಿತು. ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಹೋಗಿ ನನ್ನನ್ನು ನೋಡಿದರು. ಅವರ ಅಕ್ಕನ ಮುಖ ಬಾಗಿಲಲ್ಲಿ ನಿಂತಿದೆ, ಅದಕ್ಕೆ ಅವರ ಮಾತೇ ತಿಳಿಯುವುದಿಲ್ಲ. ಆ ಒಂದು ಹೆಜ್ಜೆಯಿಂದ ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಫೋಟೋ ಕೊಟ್ಟೆ. ನೀನು ಹೇಳಲು ಹೇಳಿದ್ದನ್ನು ಹೇಳಿದೆ. ಅಮ್ಮನ ಪರವಾಗಿಯೂ ಹೇಳಿದೆ. ಹೇಳಬಾರದು ಅಂದುಕೊಂಡು ಹೋಗಿದ್ದೆ, ಬಾಯಿಗೆ ಬಂದುಬಿಟ್ಟಿತು. ಅವರು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಮೊದಲ ಪ್ರಶ್ನೆ ನನ್ನ ಬಗ್ಗೆ ಇರಲಿಲ್ಲ. “ಹಿಡ್ಕೊಂಡಿರೋ ಹುಡುಗ ಯಾರು?” ಅಂದರು.

“ಅಣ್ಣ” ಅಂದೆ.

ಹೊಲಿಗೆಯ ಅಮ್ಮ ಅದನ್ನು ಆ ಮಾತಿಗೆ ತಿರುಗಿಸಿದರು. ಚಿಕ್ಕಮ್ಮ ನಿನ್ನ ಅರ್ಧ ಮುಖ ನೋಡಿದರು, ನನ್ನನ್ನು ನೋಡಿದರು. ಹೇಗೆ ಎಂದು ಕೇಳಲಿಲ್ಲ ಅಣ್ಣಾ. ನನ್ನ ಜೀವನದಲ್ಲಿ ಅದನ್ನು ಕೇಳದ ಮೊದಲನೆಯವರು ಅವರು. “ಬಹಳ ತೆಳ್ಳಗಿದಾನೆ, ಊಟ ಸರಿಯಾಗಿ ಮಾಡ್ತಾನಾ?” ಅಂದರಂತೆ. ಇಲ್ಲ ಅಂದೆ.

ನನ್ನನ್ನು ಹೆತ್ತವಳ ಒಂದು ಬಾಚಣಿಗೆ ಇತ್ತು, ಅದನ್ನು ತೋರಿಸಿದರು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕೂತೆ. ಅವಳು ಹಾಡುತ್ತಿದ್ದ ಹಾಡು ಎಂದು ಚಿಕ್ಕಮ್ಮ ಒಂದನ್ನು ಹಾಡಿದರು. ಚೆನ್ನಾಗಿತ್ತು. ಅದು ನನ್ನದಲ್ಲ. ಕಲಿತರೆ ನನ್ನದಾಗುತ್ತದೇನೋ. ಹತ್ತು ಪದ ಬರೆದುಕೊಂಡು ಬಂದಿದ್ದೇನೆ: ನೀರು, ಬಾಗಿಲು, ತಂಗಿ, ಬಾ, ಕೂತ್ಕೋ, ಹೀಗೆ. ಈ ಮುಖ ಅವರಿಂದ ಬಂದದ್ದು, ಅದನ್ನು ನಾನು ಕಲಿಯಬೇಕಾಗಿ ಬರಲಿಲ್ಲ. ಉಳಿದದ್ದೆಲ್ಲ ನೀವು ಕೊಟ್ಟದ್ದು, ಅದೂ ಕಲಿತದ್ದೇ. ಚಿಕ್ಕಂದಿನಲ್ಲಿ ಕಲಿತದ್ದರಿಂದ ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದೆ.

ಎರಡನೇ ದಿನ ಬೆಳಗ್ಗೆ ಚಿಕ್ಕಮ್ಮ ಹೊಲಿಗೆಯ ಅಮ್ಮನ ಹತ್ತಿರ ಏನೋ ಪಿಸುಗುಟ್ಟಿದರು. ನಾನು ನಿದ್ದೆಯಲ್ಲಿ ಮಾತಾಡಿದೆನಂತೆ. ಅವರಿಗೆ ಒಂದು ಪದವೂ ತಿಳಿಯಲಿಲ್ಲವಂತೆ. “ಅದು ಯಾವ ಮಾತು, ಯಾರ ಮಾತು ಅಂತ ಕೇಳ್ತಿದಾರೆ” ಅಂದರು ಹೊಲಿಗೆಯ ಅಮ್ಮ.

ನಮ್ಮ ಮಾತಿನ ಹೆಸರು ಹೇಳಿದರೆ ಅವರಿಗೆ ಗೊತ್ತಾಗುವಂತಿರಲಿಲ್ಲ. “ನಮ್ಮಣ್ಣನದು” ಅಂದೆ.

ಕೆಲಸದ ಕರಾರು ಇನ್ನೂ ಒಂದು ವರ್ಷ ಇದೆ. ಇರುತ್ತೇನೆ. ತಿಂಗಳಿಗೊಮ್ಮೆ ಸೇತುವೆ ದಾಟಿ ಹೋಗುತ್ತೇನೆ. ಮೇಸ್ತ್ರಿ ಈಗಲೂ ಎರಡು ಸಲ ಪರೀಕ್ಷೆ ಮಾಡುತ್ತಾರೆ, ಮಾಡಲಿ. ಮೆಟ್ಟಿಲ ಮೇಲೆ ಬ್ರೆಡ್ಡು ತಿನ್ನುವುದು ನಿಂತಿಲ್ಲ. ಹೊಲಿಗೆಯ ಅಮ್ಮ ಹೊಸ ಕೈಯ ಕೀಲಿಗೆ ಎಣ್ಣೆ ಹಾಕಿಸಲು ಬಂದ ದಿನ ಮಾತ್ರ ಇಬ್ಬರು ಕೂರುತ್ತೇವೆ.

ನೀನು ಕಾಗದ ಸ್ವಲ್ಪ ಉದ್ದ ಬರಿ. ತಕ್ಕಡಿಗಳ ವಿಷಯವೇ ಆಗಲಿ, ಕಿರಾಣಿಯವರ ವಿಷಯವೇ ಆಗಲಿ. ಇಲ್ಲಿ ನಮ್ಮ ಮಾತು ಕಿವಿಗೆ ಬೀಳಬೇಕೆಂದರೆ ನಾನೇ ಆಡಿಕೊಳ್ಳಬೇಕು. ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡು ನಿನ್ನ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ, ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ. ನನ್ನ ಜೊತೆ ಯಾರೋ ಇದ್ದಾರೆ ಎಂದು ಪಕ್ಕದ ರೂಮಿನವರು ಅಂದುಕೊಂಡಿದ್ದಾರೆ.

ನಿನ್ನ
ಗುಬ್ಬಿ